ಪೆನ್ಸಿಲ್ ನಿಂತ ಜಾಗ

ನವನಗರ, ಬಾಗಲಕೋಟೆ

ಚಿರಂಜೀವಿ ಮಗಳಿಗೆ ಅತ್ತಿಯ ಆಶೀರ್ವಾದಗಳು.

ಕೂಸೇ, ಆರಾಮಾಗಿ ಊರು ಮುಟ್ಟಿದೆ. ಕೊಲ್ಹಾರದಲ್ಲಿ ಬಸ್ಸು ನಿಂತಾಗ ಒಂದು ಗಡಿಗೆ ಮೊಸರು ತಗೊಂಡೆ, ನಿನ್ನ ಮಾಮಾ ಎರಡು ದಿನ ಅದನ್ನೇ ಉಂಡರು. ಈ ಸಲದ ಸಿದ್ಧೇಶ್ವರ ಜಾತ್ರೆ ಕಣ್ಣುತುಂಬ ನೋಡಿದ್ದಾಯಿತು. ಆದರೆ ಮನಸ್ಸಿನಲ್ಲಿ ಕೂತಿರುವುದು ವಿಜಯಪುರ ಬಿಡುವಾಗ ಬಸ್ ಸ್ಟ್ಯಾಂಡಿನಲ್ಲಿ ನೀನು ಕೇಳಿದ ಮಾತು. ‘ಅತ್ತಿ, ಡಾಕ್ಟರ್ ಆಗಲಿಕ್ಕೆ ಆಗಲಿಲ್ಲ, ಅದಕ್ಕ ಟ್ಯೂಷನ್ ಹೇಳಾಕತ್ತಾಳ ಅಂತ ಮಂದಿ ಅಂತಾರ. ಖರೇನ ಅಲ್ಲೇನು?’ ಆ ಗದ್ದಲದಲ್ಲಿ ‘ಬಿಡವಾ, ಅವರಿಗೇನು ಗೊತ್ತು’ ಎಂದುಬಿಟ್ಟೆ. ಅದು ಉತ್ತರವಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಖರೇ ಇದೆ. ಎರಡು ಸಲ ನೀಟ್ ಬರೆದೆ, ಸೀಟು ಸಿಗಲಿಲ್ಲ. ಬಿ.ಎಸ್ಸಿ. ಮುಗಿಸಿದೆ, ಪಾಠ ಹೇಳಲು ಕೂತೆ. ಇದರಲ್ಲಿ ಮುಚ್ಚಿಡುವುದೇನಿದೆ? ನಿನ್ನ ಹತ್ತಿರ ಬರುವ ಮಕ್ಕಳಿಗೂ ಮೊದಲ ದಿನವೇ ಹೇಳು. ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಮಾಡಿದ ನನ್ನ ಹತ್ತಿರ ಇಲ್ಲದ ಒಂದು ನಿನ್ನ ಹತ್ತಿರ ಇದೆ. ಪರೀಕ್ಷೆಯ ಕೋಣೆಯಲ್ಲಿ ಗೊತ್ತಿದ್ದ ಪ್ರಶ್ನೆಯೇ ಹೇಗೆ ಕೈತಪ್ಪುತ್ತದೆ ಎಂಬುದು ನಿನಗೆ ಗೊತ್ತು. ನಾನು ಪುಸ್ತಕ ಬಲ್ಲೆ, ನೀನು ಆ ಜಾರುವ ಜಾಗ ಬಲ್ಲೆ.

ಆದರೆ ಆ ಜಾಗವನ್ನು ನೀನು ಮರೆಯತೊಡಗಿದ್ದೀಯ. ಅದನ್ನು ಕಂಡೇ ನನಗೆ ಕಳವಳವಾದದ್ದು.

ಅವತ್ತು ನಾನು ಒಳಬಾಗಿಲಲ್ಲಿ ಮೆಂತ್ಯ ಸೋಸುತ್ತ ಕೂತಿದ್ದೆ, ನೆನಪಿದೆಯಾ? ನೀನು ಕೋಶ ವಿಭಜನೆ ಹೇಳುತ್ತಿದ್ದೆ. 46 ಕ್ರೋಮೋಸೋಮ್ ಇರುವ ಕೋಶದಲ್ಲಿ ಮಿಯಾಸಿಸ್‌ನ, ಅಂದರೆ ಕ್ರೋಮೋಸೋಮ್ ಸಂಖ್ಯೆ ಅರ್ಧವಾಗುವ ವಿಭಜನೆಯ, ಮೊದಲ ಹಂತ ಮುಗಿದ ಮೇಲೆ ಒಂದೊಂದು ಕೋಶದಲ್ಲಿ ಎಷ್ಟಿರುತ್ತವೆ ಅಂತ ಕೇಳಿದೆ. ಇಂಡಿ ಊರಿನಿಂದ ಬರುವ ಆ ಎರಡು ಜಡೆಯ ಹುಡುಗಿ ‘46’ ಅಂದಳು. ನೀನು ‘ತಪ್ಪು, 23’ ಎಂದು ಹಲಗೆಯ ಮೇಲೆ ಬರೆದು ಮುಂದಿನ ಪ್ರಶ್ನೆಗೆ ಹೋದೆ. ಮಿಕ್ಕವರೆಲ್ಲ 23 ಅಂತ ಬರೆದುಕೊಂಡರು. ಅವಳ ಪೆನ್ಸಿಲ್ ಮಾತ್ರ ಪುಟದ ಮೇಲೆ ಹಾಗೇ ನಿಂತಿತು. ಪಾಠ ಮುಗಿಯುವವರೆಗೆ ಆ ಪುಟ ಮುಂದಕ್ಕೆ ಹೋಗಲಿಲ್ಲ.

ಚಹಾ ಕೊಡುವಾಗ ನಾನೇ ಕೇಳಿದೆ, 46 ಹೇಗೆ ಬಂತವಾ ಅಂತ. ಅಂಜುತ್ತಂಜುತ್ತ ಹೇಳಿದಳು: ‘23 ಅದಾವ್ರಿ. ಒಂದೊಂದರಾಗ ಎರಡೆರಡು ಎಳಿ ಅದಾವಲ್ರಿ, ಅದಕ್ಕ 46.’ ನೋಡು, ಮಿಯಾಸಿಸ್ ಅವಳಿಗೆ ಚೆನ್ನಾಗಿ ಗೊತ್ತಿದೆ. ಏನನ್ನು ಎಣಿಸಬೇಕು ಎಂಬುದೊಂದು ಗೊತ್ತಿಲ್ಲ. ಎಳೆ ಎಣಿಸಬಾರದು, ಎರಡು ಎಳೆಗಳನ್ನು ಕೂಡಿಸಿ ಹಿಡಿಯುವ ಗಂಟು, ಸೆಂಟ್ರೋಮಿಯರ್ ಎಣಿಸಬೇಕು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮತ್ತೆ ಕೂಸೇ, ಪಿಯು ಎರಡನೆಯ ವರ್ಷ ನೀನೂ ಹೀಗೇ ಎಳೆ ಎಣಿಸಿಕೊಂಡು ಬಂದಿದ್ದೆ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಎಷ್ಟು ಹೊತ್ತು ವಾದ ಮಾಡಿದ್ದೆ!

ನೀಟ್‌ನಲ್ಲಿ 720ರಲ್ಲಿ 360 ಅಂಕ ಜೀವಶಾಸ್ತ್ರದ್ದೇ. ಒಂದು ಪ್ರಶ್ನೆ ತಪ್ಪಿದರೆ ಬರಬೇಕಾದ 4 ಹೋಗಿ ಮೇಲೆ 1 ಕಳೆಯುತ್ತದೆ. ಅದಕ್ಕೇ ಅವಸರ ಅಂತ ನೀನು ಹೇಳುತ್ತೀಯ. ಅವಸರ ಪರೀಕ್ಷೆಯ ದಿನಕ್ಕಿರಲಿ. ಪಾಠದಲ್ಲಿ ತಪ್ಪು ಉತ್ತರ ಬಂದಾಗ ‘ಹೆಂಗ ಬಂತು?’ ಎಂದು ಕೇಳದೆ ಮುಂದೆ ಹೋಗಬೇಡ. ಆ ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಪಿಯುಗೆ ಬಂದ ಕೂಡಲೇ ಪುಸ್ತಕವೆಲ್ಲ ಇಂಗ್ಲಿಷ್. ಹತ್ತನೆಯವರೆಗೆ ಕ್ರೋಮೋಸೋಮನ್ನು ಅವಳು ‘ವರ್ಣತಂತು’ ಅಂತ ಓದಿದ್ದಳು. ಎಷ್ಟು ಒಳ್ಳೆಯ ಶಬ್ದ! ಬಣ್ಣದ ದಾರ ಅಂತ ಹೆಸರೇ ಹೇಳುತ್ತದೆ. ಕ್ರೋಮೋಸೋಮ್ ಅನ್ನುವ ಗ್ರೀಕ್ ಶಬ್ದದಲ್ಲೂ ಬಣ್ಣವೇ ಇದೆ. ಎರಡನ್ನೂ ಜೋಡಿಸಿ ಹೇಳು. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಬರುತ್ತದೆ. ಕನ್ನಡದ ಶಬ್ದ ಆಡಿದರೆ ಮಕ್ಕಳು ಹಿಂದೆ ಬೀಳುತ್ತಾರೆ ಎಂಬ ಭಯ ಬೇಡ.

ಈಗ ನನ್ನದೊಂದು ತಪ್ಪು ಹೇಳುತ್ತೇನೆ. ನಿನ್ನ ಅಪ್ಪನಿಗೂ ಇದನ್ನು ಪೂರ್ತಿ ಹೇಳಿಲ್ಲ. ತಿಕೋಟಾ ಕಡೆಯ ಒಬ್ಬ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದ. ಎರಡು ಸಲ ಬರೆದು ಸೀಟು ಸಿಗದೆ ತಂದೆಯನ್ನು ಕರೆದುಕೊಂಡು ನನ್ನ ಹತ್ತಿರ ಬಂದ. ‘ಇನ್ನೊಂದು ವರ್ಷ ಬರೀಲಿ’ ಅಂದೆ. ಹಾಗೆ ಅನ್ನುವುದು ಸುಲಭವಿತ್ತು, ಅವರಿಗೂ ಆ ಮಾತೇ ಬೇಕಿತ್ತು. ದ್ರಾಕ್ಷಿ ತೋಟದ ಮೇಲೆ ಸಾಲ ಎತ್ತಿ ದೂರದ ಊರಿನ ಕೋಚಿಂಗಿಗೆ ಕಳಿಸಿದರು. ಮೂರನೆಯ ಸಲವೂ ಆಗಲಿಲ್ಲ. ಆಮೇಲೆ ಆ ಹುಡುಗ ಬಹಳ ದಿನ ಮನೆಯಿಂದ ಹೊರಗೆ ಬರಲಿಲ್ಲ ಅಂತ ಕೇಳಿದೆ. ಅವನಿಗೆ ಗಿಡಗಳೆಂದರೆ ಜೀವ. ತೋಟಗಾರಿಕೆ ವಿಶ್ವವಿದ್ಯಾಲಯ 2008ರಿಂದ ಇದೇ ಬಾಗಲಕೋಟೆಯಲ್ಲಿದೆ, ಕೃಷಿ ಕಾಲೇಜು ವಿಜಯಪುರದಲ್ಲೇ ಇದೆ. ಅವನ್ನು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಹುಡುಗನ ಉತ್ಸಾಹ ಕುಗ್ಗೀತು ಅಂದುಕೊಂಡೆ. ಅವನ ಮುಖ ನೋಡಿ ಮಾತಾಡಿದೆನೇ ಹೊರತು ಅವನ ಅಂಕಪಟ್ಟಿ ನೋಡಿ ಮಾತಾಡಲಿಲ್ಲ.

ಈಗ ಪದವಿ ವೈದ್ಯಕೀಯದ ನೀಟ್‌ಗೆ ವಯಸ್ಸಿನ ಮೇಲ್ಮಿತಿಯೂ ಇಲ್ಲ, ಇಷ್ಟೇ ಸಲ ಎಂಬ ಮಿತಿಯೂ ಇಲ್ಲ. 2022ರಲ್ಲಿ ವಯಸ್ಸಿನ ಮೇಲ್ಮಿತಿ ತೆಗೆದಾಗ ನಾನೂ ಸಂತೋಷಪಟ್ಟವಳೇ. ಆದರೆ ಬಾಗಿಲು ಸದಾ ತೆರೆದೇ ಇದ್ದರೆ ‘ಇನ್ನು ಸಾಕು’ ಅಂತ ಹೇಳುವವರು ಯಾರಾದರೂ ಬೇಕಲ್ಲ? ಆ ಕೆಲಸ ನಿನ್ನಂಥವರ ಪಾಲಿಗೆ ಬರುತ್ತದೆ. ಕೃಷಿ, ಪಶುವೈದ್ಯ, ಫಾರ್ಮಸಿ, ನರ್ಸಿಂಗ್, ಫಿಸಿಯೋಥೆರಪಿ ಇವುಗಳ ಮಾತು ಫಲಿತಾಂಶಕ್ಕೆ ಮೊದಲೇ ಆಗಬೇಕು. ಫಲಿತಾಂಶದ ಮರುದಿನ ಹೇಳಿದರೆ ಮಗುವಿಗೆ ಅದು ಶಿಕ್ಷೆಯ ಹಾಗೆ ಕೇಳಿಸುತ್ತದೆ.

ಅವತ್ತು ನಿನ್ನ ಹತ್ತಿರ ಬಂದಿದ್ದ ಒಬ್ಬ ತಂದೆ ‘ನಮ್ಮ ಹುಡುಗಗ ಸೀಟು ಗ್ಯಾರಂಟಿ ಮಾಡ್ತೀಯೇನವಾ?’ ಅಂದಾಗ ನೀನು ನಕ್ಕು ‘ನೋಡೋಣ್ರಿ’ ಅಂದೆ. ಇನ್ನು ಮೇಲೆ ‘ಇಲ್ರಿ’ ಅನ್ನು. ಕೋಚಿಂಗ್ ಕೇಂದ್ರಗಳು ರ್‍ಯಾಂಕಿನ ಖಾತ್ರಿ ಕೊಡಬಾರದು ಅಂತ ಕೇಂದ್ರ ಸರ್ಕಾರವೇ 2024ರಲ್ಲಿ ಮಾರ್ಗಸೂಚಿ ತಂದಿದೆ. ನಿನ್ನದು ಮನೆಯ ಪಡಸಾಲೆಯ ಪಾಠವಾದರೂ ಮಾತು ಅದೇ ಇರಲಿ. ಫೀ ತಗೊ, ಸಂಕೋಚ ಬೇಡ. ದುಡಿದದ್ದಕ್ಕೆ ತಗೊ, ಭರವಸೆಗೆ ಬೇಡ.

ನಿನ್ನ ಮುಂದಿನ ದಾರಿಯ ಮಾತು. ಅಮೆರಿಕದಲ್ಲಿ ಸಾಮಾನ್ಯವಾಗಿ ಪದವಿ ಮುಗಿದ ಮೇಲೆಯೇ ವೈದ್ಯಕೀಯಕ್ಕೆ ಸೇರುತ್ತಾರೆ, ನಡುವಿನ ಒಂದೆರಡು ವರ್ಷ ಎಷ್ಟೋ ಮಂದಿ ಪಾಠ ಹೇಳುತ್ತಾರೆ. ಅಲ್ಲಿ ಅದನ್ನು ಯಾರೂ ಸೋಲು ಅನ್ನುವುದಿಲ್ಲ. ನಮ್ಮಲ್ಲಿ ಹಾಗಲ್ಲ, ಮಂದಿಯ ಬಾಯಿ ನಿಲ್ಲುವುದಿಲ್ಲ. ಪಾಠ ಹೇಳುವುದೇ ಇಷ್ಟವಾಗಿದ್ದರೆ ಎಂ.ಎಸ್ಸಿ., ಬಿ.ಎಡ್. ಮಾಡಿಕೊ, ಪಿಯು ಉಪನ್ಯಾಸಕಿಯಾಗಬೇಕಾದರೆ ಅವು ಬೇಕು. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಮನೆಗೆ ಹತ್ತಿರವೇ ಇದೆ, ಒಂದು ದಿನ ಹೋಗಿ ವಿಚಾರಿಸು. ಅಲ್ಲ, ನೀಟನ್ನೇ ಮತ್ತೆ ಬರೆಯಬೇಕು ಅಂತ ಮನಸ್ಸಿದ್ದರೆ ಅದನ್ನೂ ನೇರವಾಗಿ ಹೇಳು. ಅರ್ಧ ಮನಸ್ಸು ಅಲ್ಲಿ, ಅರ್ಧ ಮನಸ್ಸು ಹಲಗೆಯ ಮುಂದೆ ಇದ್ದರೆ ಮಕ್ಕಳ ಪೆನ್ಸಿಲ್ ನಿಂತದ್ದು ಕಾಣುವುದಿಲ್ಲ.

ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡಲ್‌ನ ಪಾಠ ಮಾಡುವಾಗ ಬಟಾಣಿ ಲೆಕ್ಕ ಮಾತ್ರ ಹೇಳಿ ಬಿಡಬೇಡ. 1850ರಲ್ಲಿ ಆತ ಶಿಕ್ಷಕರ ಪರೀಕ್ಷೆಯಲ್ಲಿ ನಪಾಸಾದ, 1856ರಲ್ಲಿ ಮತ್ತೆ ಹೋದಾಗಲೂ ಆಗಲಿಲ್ಲ. ಆದರೂ ಬದಲಿ ಶಿಕ್ಷಕನಾಗಿ ವರ್ಷಗಟ್ಟಲೆ ಪಾಠ ಹೇಳಿದ, ಅದೇ ವರ್ಷಗಳಲ್ಲಿ ಮಠದ ತೋಟದಲ್ಲಿ ಬಟಾಣಿ ಬೆಳೆದ. ಎರಡನೆಯ ಪೀಳಿಗೆಯಲ್ಲಿ ಅವನಿಗೆ ಸಿಕ್ಕ ದುಂಡು ಬೀಜ 5474, ಸುಕ್ಕುಗಟ್ಟಿದ ಬೀಜ 1850. ನಪಾಸಾದ ಇಸವಿಯೂ ಅದೇ ಅಂಕಿ. ನನ್ನ ವಿದ್ಯಾರ್ಥಿಗಳು ಆ ಲೆಕ್ಕ ಮರೆತದ್ದೇ ಇಲ್ಲ.

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಎರಡು ಕೆಂಪು, ಎರಡು ಹಸಿರು ಜೋಡಿ ದಾರ ಇವೆ, ಪ್ರತಿ ಬಣ್ಣದಲ್ಲಿ ಒಂದು ಉದ್ದ, ಒಂದು ಗಿಡ್ಡ. ಕೆಂಪು ತಂದೆಯದು, ಹಸಿರು ತಾಯಿಯದು. ಪ್ರತಿ ಜೋಡಿಯ ಎರಡೂ ಎಳೆಗಳನ್ನು ಒಂದೇ ಮಣಿಯಲ್ಲಿ ಪೋಣಿಸಿದ್ದೇನೆ. ನಾಳೆ ಆ ಎರಡು ಜಡೆಯ ಹುಡುಗಿಯ ಕೈಗೆ ಮೊದಲು ಕೊಡು. ಉದ್ದದ್ದರ ಎದುರು ಉದ್ದದ್ದು, ಗಿಡ್ಡದ್ದರ ಎದುರು ಗಿಡ್ಡದ್ದು ಇಟ್ಟು ಎರಡು ಕಡೆಗೆ ಎಳೆಯಲಿ, ಆಮೇಲೆ ಒಂದು ಕಡೆ ಎಷ್ಟು ಮಣಿ ಬಂದವು ಅಂತ ಅವಳೇ ಎಣಿಸಿ ಹೇಳಲಿ. ಏನಂದಳು ಅಂತ ನನಗೆ ಫೋನ್ ಮಾಡು.

ನಿನ್ನ ಅತ್ತಿ