ಐಸ್ ಡಬ್ಬಿ ಬಿಟ್ಟು ಬೆಚ್ಚಗೆ ಇಡೋಣ

ಮಾನ್ಯರೇ,

ಲಿವರ್ ಸಿಕ್ಕಿದೆ ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಬಂದಾಗ ಅಣ್ಣನನ್ನು ಕರೆದುಕೊಂಡು ದಾವಣಗೆರೆಯಿಂದ ಬೆಂಗಳೂರಿಗೆ ಓಡಿದೆವು. ಬೆಳಗಿನ ಜಾವ ಡಾಕ್ಟರ್ ಹೊರಗೆ ಬಂದು, ‘ಕೊಬ್ಬು ಜಾಸ್ತಿ ಇದೆ, ಈ ಲಿವರ್ ಹಾಕಲು ಧೈರ್ಯ ಸಾಲದು’ ಎಂದರು. ಅತ್ತಿಗೆ ತಂದಿದ್ದ ಬಟ್ಟೆ ಚೀಲ ಬಿಚ್ಚದೇ ವಾಪಸ್ ಬಂತು. ಅಣ್ಣ ಆಮೇಲೆ ಮೂರು ತಿಂಗಳಷ್ಟೇ ಇದ್ದ.

ಡಾಕ್ಟರದು ತಪ್ಪಲ್ಲ. ದಾನಿಯಿಂದ ತೆಗೆದು ಐಸ್‌ನಲ್ಲಿಟ್ಟ ಲಿವರ್ ಕೆಲಸ ಮಾಡುತ್ತದೋ ಇಲ್ಲವೋ ಮೊದಲೇ ತಿಳಿಯುವುದು ಕಷ್ಟ. ಆಕ್ಸ್‌ಫರ್ಡ್‌ನಲ್ಲಿ ರೂಪಿಸಿದ ಯಂತ್ರ ಅದನ್ನು 37 ಡಿಗ್ರಿಯಲ್ಲಿ, ಆಮ್ಲಜನಕ ತುಂಬಿದ ರಕ್ತ ಹರಿಸುತ್ತಾ ಕಾಪಾಡುತ್ತದೆ. ಲಿವರ್ ಅಲ್ಲೇ ಪಿತ್ತರಸ ಸುರಿಸುತ್ತದೆ! ಅದನ್ನು ನೋಡಿ ವೈದ್ಯರು ತೀರ್ಮಾನಿಸಬಹುದು, ಅಲ್ವಾ? 2013ರಲ್ಲೇ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಈ ಯಂತ್ರದಲ್ಲಿಟ್ಟ ಲಿವರ್ ಕಸಿ ಮಾಡಿದರು. 2018ರಲ್ಲಿ ಪ್ರಕಟವಾದ, 220 ಕಸಿಗಳ ಯುರೋಪಿನ ಪ್ರಯೋಗದಲ್ಲಿ ಐಸ್‌ಗೆ ಹೋಲಿಸಿದರೆ ಕೈಬಿಟ್ಟ ಲಿವರ್‌ಗಳ ಪ್ರಮಾಣ ಅರ್ಧಕ್ಕಿಳಿಯಿತು.

ಯಂತ್ರ ದುಬಾರಿ, ನಿಜ. ಸರ್ಕಾರ ಕಡೇಪಕ್ಷ ಒಂದನ್ನು ಕೊಂಡು, ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಮೂಲಕ ಕಸಿ ಮಾಡುವ ಎಲ್ಲ ಆಸ್ಪತ್ರೆಗಳಿಗೂ ಸಿಗುವಂತೆ ಮಾಡಲಿ.

– ಓದುಗ, ದಾವಣಗೆರೆ