ರಾಮನ್-ಶಾರ್ಪಾಕ್ ಫೆಲೋಶಿಪ್: ಪಿಎಚ್‌ಡಿಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಲ್ಯಾಬ್‌ನಲ್ಲಿ ಕೆಲವು ತಿಂಗಳು ಕೆಲಸ ಮಾಡಬೇಕು ಅಂತಿರುವವರು ಇದನ್ನು ಪೂರ್ತಿ ಓದಿ.

ಸಿ.ವಿ. ರಾಮನ್ (ನೊಬೆಲ್ 1930) ಮತ್ತು ಫ್ರಾನ್ಸಿನ ಜಾರ್ಜ್ ಶಾರ್ಪಾಕ್ (ನೊಬೆಲ್ 1992) ನೆನಪಿನಲ್ಲಿ ಕೊಡುವ ಫೆಲೋಶಿಪ್ ಇದು. ನಡೆಸುವುದು ಸೆಫಿಪ್ರಾ, ಅಂದರೆ ಭಾರತ-ಫ್ರಾನ್ಸ್ ಜಂಟಿ ಸಂಶೋಧನಾ ಕೇಂದ್ರ. ಇಲ್ಲಿ ಪಿಎಚ್‌ಡಿ ಮಾಡುತ್ತಿರುವವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ. ರಾಮನ್‌ಗೂ ಪ್ರಯಾಣವೇ ದಾರಿ ತೋರಿಸಿದ್ದು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡಿಯೇ ತಲೆಕೆಡಿಸಿಕೊಂಡರು, ಅಲ್ವಾ?

ಅರ್ಜಿ ಕರೆಯುವ ಪ್ರಕಟಣೆ ಬರುವವರೆಗೆ ಸುಮ್ನೆ ಕೂರಬೇಡಿ. ಅಲ್ಲಿನ ಪ್ರಾಧ್ಯಾಪಕರಿಗೆ ಈಗಲೇ ಮೇಲ್ ಹಾಕಿ. ಒಪ್ಪಿಗೆ ಪತ್ರ ಸಿಗುವುದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ. ಇಲ್ಲಿನ ಗೈಡ್‌ಗೂ ಮೊದಲೇ ಹೇಳಿಡಿ. ಅಲ್ಲಿ ಮಾಡುವ ಕೆಲಸವನ್ನು ಎರಡು ಪುಟದಲ್ಲಿ ಬರೆದುಕೊಳ್ಳಿ.

ಪಾಸ್‌ಪೋರ್ಟ್ ತೆಗೆದು ಒಮ್ಮೆ ನೋಡಿ. ನನ್ನದರಲ್ಲಿ ಊರು, ಅಪ್ಪನ ಹೆಸರು ಎಲ್ಲ ಪೂರ್ತಿ ಇತ್ತು, ಅಂಕಪಟ್ಟಿಯಲ್ಲಿ ಬರೀ ಎರಡು ಇನಿಶಿಯಲ್. ಅಫಿಡವಿಟ್ ಅಂತ ಮೂರು ದಿನ ಅಲೆದೆ. ತೊಂಬತ್ತು ದಿನಕ್ಕಿಂತ ಹೆಚ್ಚು ಇರುವುದಾದರೆ ವೀಸಾ ಬೇರೆ ಬಗೆಯದು, ಅದೂ ಗೊತ್ತಿರಲಿ.

ಶನಿವಾರ ಸಂಜೆ 5ಕ್ಕೆ ಕ್ಯಾಂಟೀನ್ ಹಿಂದಿನ ಕಲ್ಲುಬೆಂಚಿನ ಹತ್ತಿರ ಸೇರೋಣ. ಹಳೆಯ ಅರ್ಜಿಯ ಪ್ರತಿ ತರುತ್ತೇನೆ. ಬರುವವರು ಹೆಸರು ಮತ್ತು ವಿಭಾಗವನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ!