ಸೀನನಿಗೆ, ರೇಷ್ಮೆ ಟೋಪಿಯವನ ವಿಷಯವಾಗಿ

ಪ್ರೀತಿಯ ಸೀನ,

ಫೋನಿನಲ್ಲಿ ಮುಗಿಯುವ ಮಾತಿಗೆ ಪತ್ರ ಯಾಕೆ, ಅದೂ ಎಲ್ಲರಿಗೂ ಕಾಣುವ ಹಾಗೆ ಯಾಕೆ ಅಂತ ಕೇಳ್ತೀಯ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಅದು ಮೊದಲ ಕಾರಣ. ಓದಿದವರಲ್ಲಿ ಒಬ್ಬರಿಗಾದರೂ ಮೂಕಿ ಚಿತ್ರಗಳ ಫ್ರೆಂಚ್ ಹಾಸ್ಯನಟ ಮ್ಯಾಕ್ಸ್ ಲಿಂಡರ್‌ನ ಹುಚ್ಚು ಹತ್ತಲಿ ಅನ್ನೋ ಆಸೆಯೂ ಇದೆ. ಗೋಡೆ ಗಡಿಯಾರದ ವಿಷಯ ಮಾತ್ರ ಇಲ್ಲಿ ತೆಗೆಯುವುದಿಲ್ಲ, ಹೆದರಬೇಡ.

ನೀನು ಪುಣೆಯಿಂದ ಕಳಿಸಿದ ಪೆನ್‌ಡ್ರೈವಿನಲ್ಲಿ ಚಾಪ್ಲಿನ್ ಇದ್ದ, ಕೀಟನ್ ಇದ್ದ. ಅವರ ನಡುವೆ 1911ರ ಒಂದು ಚಿಕ್ಕ ಫ್ರೆಂಚ್ ಚಿತ್ರ ಇತ್ತು, ನೆನಪಿದೆಯಾ? ಮ್ಯಾಕ್ಸ್‌ಗೆ ಹುಷಾರಿಲ್ಲ. ದಿನಾ ಒಂದು ಲೋಟ ಕ್ವಿನೈನ್ ಬೆರೆಸಿದ ಟಾನಿಕ್ ವೈನ್ ಕುಡಿ ಅಂತಾರೆ ಡಾಕ್ಟರು. ಮನೆಯಲ್ಲಿ ಕೈಗೆ ಸಿಗುವ ಲೋಟ ಚೊಂಬಿಗಿಂತ ದೊಡ್ಡದು. ಒಂದು ಲೋಟ ಅಂದರೆ ಒಂದು ಲೋಟ, ಪೂರ್ತಿ ಕುಡಿಯುತ್ತಾನೆ. ಆಮೇಲೆ ಊರಲ್ಲಿ ಕಂಡ ದೊಡ್ಡ ಮನುಷ್ಯರ ಜೊತೆಯೆಲ್ಲ ಜಗಳ. ಆಗಿನ ಪದ್ಧತಿಯಂತೆ ಅವರು ದ್ವಂದ್ವ ಯುದ್ಧಕ್ಕೆ ಬಾ ಅಂತ ತಮ್ಮ ವಿಸಿಟಿಂಗ್ ಕಾರ್ಡ್ ಕೊಟ್ಟು ಹೋಗುತ್ತಾರೆ. ಬೀದಿಯಲ್ಲಿ ತೂರಾಡುವವನನ್ನು ಪೊಲೀಸರು ಹಿಡಿದರೆ ಜೇಬಲ್ಲಿ ದೊಡ್ಡವರ ಕಾರ್ಡ್. ಓಹೋ, ಇವರೇ ಸಾಹೇಬರು ಅಂತ ಸಲ್ಯೂಟ್ ಹೊಡೆದು, ಕೈ ಹಿಡಿದು, ಕಾರ್ಡಿನಲ್ಲಿದ್ದ ಮನೆಗೆ ಬಿಟ್ಟು ಬರುತ್ತಾರೆ. ಅಲ್ಲಿಂದ ಒದೆಸಿಕೊಂಡು ಬಂದರೆ ಇನ್ನೊಬ್ಬ ಪೊಲೀಸ್, ಇನ್ನೊಂದು ಕಾರ್ಡ್, ಇನ್ನೊಂದು ಸಲ್ಯೂಟ್.

ಅವನು ಕುಡುಕನ ಪಾತ್ರ ಮಾಡುವ ರೀತಿ ನೋಡಬೇಕು ನೀನು. ಬೀಳುವುದನ್ನು ತೋರಿಸುವುದಿಲ್ಲ. ಬೀಳಬಾರದು ಅಂತ ಪಡುವ ಪಾಡನ್ನು ತೋರಿಸುತ್ತಾನೆ. ತಲೆಯ ಮೇಲೆ ರೇಷ್ಮೆ ಟೋಪಿ, ಕೈಯಲ್ಲಿ ಬೆತ್ತ, ಒಪ್ಪವಾಗಿ ಕತ್ತರಿಸಿದ ಮೀಸೆ. ಮರ್ಯಾದಸ್ಥ ಮನುಷ್ಯ ನೆಟ್ಟಗೆ ನಿಲ್ಲಲು ಹೋಗಿ ವಾಲುತ್ತಾನೆ. ಕುಡುಕನ ಪಾತ್ರಕ್ಕೆ ಬರೀ ತೂರಾಡುವ ನಮ್ಮ ನಟರಿಗೆಲ್ಲ ಇದನ್ನು ಕೂರಿಸಿ ತೋರಿಸಬೇಕು.

ಆಮೇಲೆ ಹುಡುಕಾಟ ಶುರು. ಅವನು ನಟಿಸಿದ್ದು ನೂರಾರು ಚಿಕ್ಕ ಚಿತ್ರಗಳಲ್ಲಿ, ಬಹುಪಾಲು ಪಾಥೆ ಕಂಪನಿಗೆ. ಉಳಿದಿರುವುದು ಅದರಲ್ಲೊಂದು ಪಾಲು. ಆ ಕಾಲದ ರೀಲುಗಳ ನೈಟ್ರೇಟ್ ಫಿಲ್ಮು ಬೆಂಕಿ ಕಂಡರೆ ಭಗ್ಗನೆ ಹತ್ತಿಕೊಳ್ಳುತ್ತದೆ, ಬೆಂಕಿ ತಪ್ಪಿದರೆ ತಾನೇ ಕೊಳೆಯುತ್ತದೆ. ಎಷ್ಟೋ ರೀಲುಗಳನ್ನು ಅದರಲ್ಲಿದ್ದ ಬೆಳ್ಳಿಗೋಸ್ಕರ ಕರಗಿಸಿಬಿಟ್ಟರು. ಉಳಿದವಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು, ಹೊಸದು ಸಿಕ್ಕಿತು ಅಂತ ಹಾಕಿದರೆ ಮೊದಲೇ ನೋಡಿದ್ದಾಗಿರುತ್ತದೆ. ಇನ್ನು ಓಟದ ವೇಗ. ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ನಿಧಾನಕ್ಕೆ ತೆಗೆದ ಚಿತ್ರವನ್ನು ಈಗಿನ ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡಿಸಿದರೆ ಎಲ್ಲರೂ ಬಸ್ ತಪ್ಪಿದವರ ಹಾಗೆ ಓಡುತ್ತಾರೆ. ಮೂಕಿ ಚಿತ್ರ ಅಂದರೆ ಬರೀ ಗಡಿಬಿಡಿ ಅನ್ನೋ ಹೆಸರು ಬಂದಿದ್ದು ಹೀಗೆ ಕಣೋ. ನಾನು ಅಂಗಡಿ ಬಾಗಿಲು ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ವೇಗ ಇಳಿಸಿ ನೋಡಿದೆ. ಆಗ ಅವನ ಹುಬ್ಬು ಕಾಣಿಸಿತು. ಒಂದು ಹುಬ್ಬು ಏಳುವ ಮುಂಚೆ ಅವನು ಒಂದು ಕ್ಷಣ ತಡೆಯುತ್ತಾನೆ. ನಗು ಇರುವುದೇ ಆ ತಡೆಯುವುದರಲ್ಲಿ.

ಅವನು ಅಮೆರಿಕದಲ್ಲಿ ತೆಗೆದ 1921ರ 'ಸೆವೆನ್ ಇಯರ್ಸ್ ಬ್ಯಾಡ್ ಲಕ್' ನೋಡದಿದ್ದರೆ ಇವತ್ತೇ ನೋಡು. ಆಳು ಮನೆಯ ದೊಡ್ಡ ಕನ್ನಡಿ ಒಡೆದುಬಿಡುತ್ತಾನೆ. ರಾತ್ರಿ ಕುಡಿದ ಅಮಲು ಇಳಿಯದ ಮ್ಯಾಕ್ಸ್ ಕ್ಷೌರಕ್ಕೆ ಬಂದು ನಿಲ್ಲುತ್ತಾನೆ. ಬರೀ ಚೌಕಟ್ಟಿನ ಆ ಕಡೆ ಅಡುಗೆಯವನು ಯಜಮಾನನ ವೇಷದಲ್ಲಿ ನಿಂತು, ಇವನು ಮಾಡಿದ್ದನ್ನೆಲ್ಲ ಮಾಡುತ್ತಾನೆ. ಕೊನೆಗೆ ಮೋಸ ಗೊತ್ತಾಗುತ್ತದೆ. ಆದರೆ ಅಷ್ಟರಲ್ಲಿ ಆಳುಗಳು ನಿಜವಾದ ಕನ್ನಡಿ ತಂದು ಕೂರಿಸಿರುತ್ತಾರೆ. ಇವನು ಅಡುಗೆಯವನೇ ಅಂದುಕೊಂಡು ಬೂಟು ಬೀಸುತ್ತಾನೆ. ಚಾಪ್ಲಿನ್ ಇವನಿಗೆ ಕೊಟ್ಟ ಫೋಟೋ ಮೇಲೆ ಇವನನ್ನು ಗುರು ಅಂತ, ತನ್ನನ್ನು ಶಿಷ್ಯ ಅಂತ ಬರೆದಿದ್ದು ಬರೀ ಉಪಚಾರಕ್ಕಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವನ ಬದುಕಿನ ಬಗ್ಗೆ ಓದಿದೆ.

ಮೊದಲ ಮಹಾಯುದ್ಧದಲ್ಲಿ ಕೆಟ್ಟ ಆರೋಗ್ಯ ಮತ್ತೆ ಸರಿಯಾಗಲಿಲ್ಲ, ಮನಸ್ಸೂ ಅಷ್ಟೆ. ತನಗಿಂತ ಎಷ್ಟೋ ಚಿಕ್ಕವಳನ್ನು ಮದುವೆಯಾದ. 1925ರಲ್ಲಿ ಪ್ಯಾರಿಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಪ್ರಾಣ ಕಳೆದುಕೊಂಡರು. ಮಗಳು ಮೋಡ್‌ಗೆ ಆಗ ಹದಿನಾರು ತಿಂಗಳು. ಅಪ್ಪ ಹೇಗಿದ್ದ ಅನ್ನೋದನ್ನು ಅವಳು ನೋಡಿದ್ದು ಬೆಳೆದ ಮೇಲೆ, ಪರದೆಯ ಮೇಲೆ. ಜನ ನಗುತ್ತಿರುವಾಗ. ಆಮೇಲೆ ಬದುಕೆಲ್ಲ ಆ ಅಪ್ಪನ ರೀಲುಗಳನ್ನು ಹುಡುಕಿ ಒಟ್ಟುಮಾಡಿದಳು. 1963ರಲ್ಲಿ ಅವನ ಅಮೆರಿಕದ ಚಿತ್ರಗಳಿಂದ ಒಂದು ಸಂಕಲನ ಚಿತ್ರ ಮಾಡಿದಳು, 1983ರಲ್ಲಿ 'ರೇಷ್ಮೆ ಟೋಪಿಯ ಮನುಷ್ಯ' ಅನ್ನೋ ಸಾಕ್ಷ್ಯಚಿತ್ರ. 2017ರಲ್ಲಿ ತೀರಿಕೊಂಡಳು. ಇವತ್ತು ನಾವು ಮ್ಯಾಕ್ಸ್‌ನನ್ನು ಇಷ್ಟಾದರೂ ನೋಡುತ್ತಿದ್ದರೆ ಅದರಲ್ಲಿ ಅವಳ ಪಾಲು ದೊಡ್ಡದು.

ಇದು ನನಗೆ ಜೀರ್ಣವಾಗಲಿಲ್ಲ ಸೀನ. ತನ್ನನ್ನು ತೊಟ್ಟಿಲಲ್ಲಿ ಬಿಟ್ಟು, ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋದವನಿಗಾಗಿ ಒಬ್ಬ ಮಗಳು ಹೇಗೆ ಅಷ್ಟು ದುಡಿದಳು? ರಾತ್ರಿಯೆಲ್ಲ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಆಗ ಗೊತ್ತಾಗಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತು. ಮದುವೆ ಫೋಟೋ ಎಲ್ಲ ಈಗ ಹುಡುಗರೇ ಹೋಗುತ್ತಾರೆ. ನಾನು ಅಂಗಡಿಯಲ್ಲಿ ಕೂತು ಹಳೇ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ. ಮೊನ್ನೆ ನಮ್ಮೂರ ಕಡೆಯವರೊಬ್ಬರು ಒಂದು ಕ್ಯಾಸೆಟ್ ತಂದರು. ಮೇಲೆ ಬಾಲ್‌ಪೆನ್ನಿನಲ್ಲಿ 'ಜಾತ್ರೆ - ಸದಾರಮೆ' ಅಂತ ಬರೆದಿತ್ತು. ಬೂಷ್ಟು ಹಿಡಿದಿತ್ತು, ಒರೆಸಿ ಹಾಕಿದೆ. ಚಿತ್ರ ಬಂತು, ಶಬ್ದ ಬರಲಿಲ್ಲ. ಟೇಪಿನ ಅಂಚಿನಲ್ಲಿ ಶಬ್ದದ ಗೆರೆ ಇರುತ್ತದೆ, ಅಂಚು ಹಾಳಾದರೆ ಮೊದಲು ಹೋಗುವುದು ಅದೇ. ಸದಾರಮೆ ನಾಟಕದ ಕಳ್ಳ ಬಂದ. ನಮ್ಮಪ್ಪ.

ಕಳ್ಳಹೆಜ್ಜೆ ಇಡುತ್ತಾ ಬಂದವನು ನೆಲದ ಮೇಲಿದ್ದ ಮೈಕಿನ ವೈರು ನೋಡುತ್ತಾನೆ. ಹಾವು ಅಂದುಕೊಂಡು ಕಾಲು ಎತ್ತುತ್ತಾನೆ. ಎತ್ತಿದ ಕಾಲು ಇಳಿಸುವುದೇ ಇಲ್ಲ. ಒಂಟಿ ಕಾಲಲ್ಲೇ ಬೀಡಿ ಹಚ್ಚುತ್ತಾನೆ, ಪಂಚೆ ಸರಿ ಮಾಡಿಕೊಳ್ಳುತ್ತಾನೆ, ಹಾರ್ಮೋನಿಯಂ ಮೇಷ್ಟ್ರಿಗೆ ಕೈ ಮುಗಿಯುತ್ತಾನೆ. ಮುಂದಿನ ಸಾಲಿನ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದಾರೆ. ನಾನೂ ನಕ್ಕೆ. ಜೋರಾಗಿ ನಕ್ಕೆ ಕಣೋ.

ಅಪ್ಪ ತೀರಿಕೊಂಡ ದಿನ ಯಾಕೋ ಅಳ್ತಿಲ್ಲ ಅಂತ ನೀನು ಕೇಳಿದ್ದೆ. ಏನೋ ಹೇಳಿ ತಪ್ಪಿಸಿಕೊಂಡಿದ್ದೆ. ನೀನು ನೋಡಿದ್ದು ಜಾತ್ರೆಯ ಅಪ್ಪನನ್ನು. ಕುಡಿದು ಬಿದ್ದರೆ ಊರಿನವರೇ ಎತ್ತಿಕೊಂಡು ಬಂದು, "ಕಲಾವಿದರು ಕಣಮ್ಮ, ಏನೂ ಅನ್ನಬೇಡಿ" ಅಂತ ಹೇಳಿ ಮಲಗಿಸಿ ಹೋಗುತ್ತಿದ್ದರು. ಸಲ್ಯೂಟ್ ಒಂದು ಹೊಡೆಯುತ್ತಿರಲಿಲ್ಲ ಅಷ್ಟೆ. ಅವರು ಬೀದಿ ತಿರುಗುವ ತನಕ ಅಪ್ಪ ಸುಮ್ಮನಿರುತ್ತಿದ್ದರು. ಆಮೇಲೆ ದನಿ ಏಳುತ್ತಿತ್ತು. ಆ ದನಿ ಕೇಳಿದರೆ ಅಮ್ಮ ದೀಪ ಆರಿಸಿ ನಮ್ಮನ್ನು ಕರೆದುಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಈಗಲೂ ರಸ್ತೆಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಇದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ, ಅವಳು ಈಗ ಇಲ್ಲೇ ಓದುತ್ತಾಳೆ.

ಮೊನ್ನೆ ಆ ದನಿ ಇರಲಿಲ್ಲ. ಅದಕ್ಕೇ ನೋಡಲು ಆಯಿತು. ಎಂಥ ನಟ ಅಂತ ಮೊದಲ ಸಲ ಗೊತ್ತಾಯಿತು. ಕಾಲು ಎತ್ತುವ ಮುಂಚೆ ಅಪ್ಪನೂ ಒಂದು ಕ್ಷಣ ತಡೆಯುತ್ತಾರೆ, ಮ್ಯಾಕ್ಸ್‌ನ ಹಾಗೇ. ಒಂದು ಮೂಕಿ ಚಿತ್ರವನ್ನೂ ನೋಡಿದವರಲ್ಲ. ನಾನು ಅಪ್ಪನನ್ನು ಕ್ಷಮಿಸಿಲ್ಲ, ಕ್ಷಮಿಸಬೇಕು ಅಂತಲೂ ಅನಿಸುತ್ತಿಲ್ಲ. ಆದರೆ ಆ ಕ್ಯಾಸೆಟ್ಟಿನ ಒಂದು ಫ್ರೇಮೂ ಹಾಳಾಗಬಾರದು ಅಂತ ಮತ್ತೆ ಮತ್ತೆ ಪ್ಲೇಯರಿನ ಹೆಡ್ ಒರೆಸಿ, ರಾತ್ರಿ ಬಹಳ ಹೊತ್ತು ಕೂತು ಕಾಪಿ ಮಾಡಿದೆ. ಮೋಡ್ ಕೂಡ ಹೀಗೇ ಕೂತಿರಬೇಕು ಅನಿಸಿತು. ಅವಳ ಮೇಲಿನ ಸಿಟ್ಟು ಹೋಯಿತು. ಅಮ್ಮನಿಗೆ ಇದನ್ನು ತೋರಿಸಲೋ ಬೇಡವೋ ಅನ್ನೋದು ಮಾತ್ರ ತೀರ್ಮಾನವಾಗಿಲ್ಲ. ನೀನು ಹೇಳು.

ಸಾಕು. ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಕೆಲಸದ ಮಾತಿಗೆ ಬರುತ್ತೇನೆ.

ಆ ಕಳ್ಳನ ಪಾತ್ರಕ್ಕೆ ನಾಡಿಗೆಲ್ಲ ಹೆಸರು ತಂದವರು ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರು ಅಲ್ವಾ? ನಮ್ಮಪ್ಪನ ತಲೆಮಾರಿನವರೆಲ್ಲ ಅವರ ಕಳ್ಳನನ್ನೇ ನೆನೆದು ವೇಷ ಹಾಕುತ್ತಿದ್ದರು. ತುಮಕೂರಿನಲ್ಲಿ ಅವರ ಹೆಸರಿನ ರಂಗಮಂದಿರದ ಮುಂದೆ ಎಷ್ಟು ಸಲ ನಿಂತಿದ್ದೇವೆ ನಾವು. ಅವರೂ ಮೂಕಿ ಚಿತ್ರ ಮಾಡಿದ್ದರು, 1931ರಲ್ಲಿ, 'ಹಿಸ್ ಲವ್ ಅಫೇರ್' ಅಂತ. ಮ್ಯಾಕ್ಸ್‌ನ ಚಿತ್ರಕ್ಕೆ ಬಿದ್ದು ಹುಡುಕಿದ ನನಗೆ ಇದರ ಒಂದು ಅಡಿ ರೀಲೂ ಎಲ್ಲೂ ಕಾಣಲಿಲ್ಲ. ನೀನಿರುವ ಊರಲ್ಲೇ 1964ರಿಂದ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ. ಒಂದು ಶನಿವಾರ ಬಿಡುವು ಮಾಡಿಕೊಂಡು ಹೋಗು. ರೀಲು ಸಿಗದಿದ್ದರೆ ಒಂದು ಸ್ಟಿಲ್ ಫೋಟೋ, ಅದೂ ಇಲ್ಲದಿದ್ದರೆ ಒಂದು ಪೋಸ್ಟರ್, ಹ್ಯಾಂಡ್‌ಬಿಲ್ಲು ಏನಿದ್ದರೂ ಸರಿ. ಹೆಸರನ್ನು ಇಂಗ್ಲಿಷಿನಲ್ಲೇ ಕೇಳು, ವೀರಣ್ಣನವರ ಹೆಸರಿನಲ್ಲೂ ಇನ್ನೊಂದು ಸಲ ಹುಡುಕಿಸು. ಅಲ್ಲಿನವರ ಹತ್ತಿರ ನಿನ್ನ ಮರಾಠಿ ಬೇಡ, ಗೋಡೆ ಗಡಿಯಾರದ ಕಥೆ ಮತ್ತೆ ಆಗುತ್ತದೆ.

ಸಿದ್ಧಗಂಗೆ ಜಾತ್ರೆಗೆ ಬಾ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಅಂಗಡಿ ಬಾಗಿಲು ಹಾಕಿಕೊಂಡು ಮ್ಯಾಕ್ಸ್‌ನನ್ನೂ ನಮ್ಮಪ್ಪನನ್ನೂ ಒಟ್ಟಿಗೆ ನೋಡೋಣ. ಹೊಸ ಹಾರ್ಡ್ ಡಿಸ್ಕ್ ಒಂದು ತಾ, ಇಲ್ಲಿ ಜಾಗ ಇಲ್ಲ.

ನಿನ್ನ,
ಸ್ಟುಡಿಯೋ ಗೆಳೆಯ
ತುಮಕೂರು